ಭಾರವಿಲ್ಲದ ಕಡೆ ಸ್ನಾಯುವಿಗೇನು ಕೆಲಸ?

ಸುಮ್ನೆ ನಿಂತಿರುವಾಗ ನಾವು ಏನೂ ಮಾಡುತ್ತಿಲ್ಲ ಅಂದುಕೊಳ್ಳುತ್ತೇವೆ. ಆದರೆ ಮೀನಖಂಡದ ಒಳಪದರದಲ್ಲಿರುವ ಸೋಲಿಯಸ್ ಎಂಬ ಸ್ನಾಯುವಿಗೆ ಆಗಲೂ ಪುರುಸೊತ್ತಿಲ್ಲ. ನಿಂತಾಗ ನಮ್ಮ ಮೈಭಾರ ಕಣಕಾಲಿಗಿಂತ ಸ್ವಲ್ಪ ಮುಂದಕ್ಕೆ ಬೀಳುತ್ತದೆ. ಹಿಂದಿನಿಂದ ಯಾರೂ ಹಿಡಿಯದಿದ್ದರೆ ಮುಗ್ಗರಿಸುವುದೇ ಸೈ. ಹಾಗೆ ಹಿಡಿದಿಡುವ ಕೆಲಸ ಹೆಚ್ಚಾಗಿ ಈ ಸೋಲಿಯಸ್‌ನದು.

ಗಗನಯಾತ್ರಿಗಳ ವಿಷಯದಲ್ಲಿ ಮೊದಲು ಸೊರಗುವ ಸ್ನಾಯುಗಳಲ್ಲಿ ಇದೂ ಒಂದು. ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಗುರುತ್ವ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ನಿಜವಾಗಿ ನೆಲದ ಮೇಲಿರುವುದರ ಶೇಕಡಾ 90ರಷ್ಟು ಅಲ್ಲೂ ಇದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಪಾದದ ಮೇಲೆ ಭಾರ ಬೀಳುವುದಿಲ್ಲ, ಅಷ್ಟೇ. ಭಾರ ಇಲ್ಲದ ಮೇಲೆ ಸೋಲಿಯಸ್‌ಗೆ ಕೆಲಸವೂ ಇಲ್ಲ.

ಅಮೆರಿಕದ ಮಾರ್ಕೆಟ್ ವಿಶ್ವವಿದ್ಯಾಲಯದ ರಾಬರ್ಟ್ ಫಿಟ್ಸ್ ಬೆನ್ನು ಹತ್ತಿದ್ದು ಇದನ್ನೇ. ಸ್ನಾಯು ಎಷ್ಟು ಸಣ್ಣದಾಯಿತು ಅಂತ ಸ್ಕ್ಯಾನ್‌ನಲ್ಲಿ ನೋಡಬಹುದು. ಅದರ ಕಸುವು ಎಷ್ಟು ಇಳಿಯಿತು ಅನ್ನುವುದು ಅಲ್ಲಿ ಕಾಣುವುದಿಲ್ಲ. ಅದಕ್ಕೇ ಅವರ ತಂಡ ಸುಮಾರು ಆರು ತಿಂಗಳು ನಿಲ್ದಾಣದಲ್ಲಿದ್ದವರ ಮೀನಖಂಡದಿಂದ, ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ, ಸೂಜಿಯಿಂದ ಚೂರು ಸ್ನಾಯು ತೆಗೆಯಿತು. ಮುಂದಿನದು ತುಂಬಾ ನಾಜೂಕಿನ ಕೆಲಸ. ಆ ಚೂರಿನಿಂದ ಕೂದಲಿನಷ್ಟು ತೆಳ್ಳಗಿನ ಒಂದೇ ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಬೇಕು. ಅದರ ಒಂದು ತುದಿಯನ್ನು ಬಲ ಅಳೆಯುವ ಉಪಕರಣಕ್ಕೂ ಇನ್ನೊಂದನ್ನು ಪುಟ್ಟ ಮೋಟಾರಿಗೂ ಕಟ್ಟಬೇಕು. ಹೊರಪೊರೆಯನ್ನು ಮೊದಲೇ ರಾಸಾಯನಿಕದಿಂದ ತೂತುಗೊಳಿಸಿರುತ್ತಾರೆ. ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ಅದ್ದಿದ ಕೂಡಲೇ, ಮೈಯಿಂದ ಬೇರೆಯಾದ ಆ ಎಳೆ ಬಿಗಿದುಕೊಳ್ಳುತ್ತದೆ. ಎಷ್ಟು ಜೋರಾಗಿ, ಎಷ್ಟು ಬೇಗ ಎಳೆಯುತ್ತದೆ ಅನ್ನುವುದೇ ಲೆಕ್ಕ.

2010ರಲ್ಲಿ ಬಂದ ಫಲಿತಾಂಶ ಕೇಳಲು ಹಿತವಾಗಿರಲಿಲ್ಲ. ಸೋಲಿಯಸ್‌ನ ನಿಧಾನಗತಿಯ ಎಳೆಗಳು, ಅಂದರೆ ದಿನವಿಡೀ ದಣಿಯದೆ ದುಡಿಯುವಂಥವು, ಎಲ್ಲಕ್ಕಿಂತ ಜಾಸ್ತಿ ಕೆಟ್ಟಿದ್ದವು. ಕೆಲಸ ಮಾಡುವ ಸಾಮರ್ಥ್ಯ ಶೇಕಡಾ 40ಕ್ಕೂ ಹೆಚ್ಚು ಇಳಿದಿತ್ತು. 30-50ರ ವಯಸ್ಸಿನವರ ಸ್ನಾಯು 80ರವರದರ ಮಟ್ಟಕ್ಕೆ ಬಂದಂತೆ. ಹೊರಡುವಾಗ ಯಾರ ಸ್ನಾಯು ದಪ್ಪವಿತ್ತೋ ಅವರೇ ಹೆಚ್ಚು ಕಳೆದುಕೊಂಡಿದ್ದರು. ಮೊದಲೇ ಮೈ ಬೆಳೆಸಿಕೊಂಡು ಹೋದರಾಯ್ತು ಅನ್ನುವ ಲೆಕ್ಕ ಇಲ್ಲಿ ಉಲ್ಟಾ.

ಅವರೇನು ವ್ಯಾಯಾಮ ಬಿಟ್ಟು ಕೂತಿರಲಿಲ್ಲ. ಸೈಕಲ್ ತುಳಿದಿದ್ದರು, ಟ್ರೆಡ್‌ಮಿಲ್ ಮೇಲೆ ಓಡಿದ್ದರು. ಸುಮಾರು 136 ಕಿಲೋವರೆಗೆ ಎಳೆಯಬಹುದಾದ ಸಾಧನವೂ ಅವರ ಬಳಿ ಇತ್ತು. ಅಷ್ಟು ಸಾಲದೇ ಅನ್ನಿಸಬಹುದು. ಸಾಲದು. ನೆಲದ ಮೇಲೆ ಬಸ್ಕಿ ಹೊಡೆಯುವಾಗ ಕೈಯಲ್ಲಿ ಹಿಡಿದ ತೂಕದ ಜೊತೆಗೆ ನಮ್ಮ ಮೈತೂಕವನ್ನೂ ಎತ್ತುತ್ತಿರುತ್ತೇವೆ. ಅಲ್ಲಿ ಮೈತೂಕ ಸೊನ್ನೆ, ಅದನ್ನೂ ಯಂತ್ರವೇ ಕೊಡಬೇಕು. 80 ಕಿಲೋ ಮನುಷ್ಯನಿಗೆ ಆ 136ರಲ್ಲಿ ಉಳಿಯುವುದು 56 ಮಾತ್ರ. ನನಗನ್ನಿಸುವಂತೆ ಇಡೀ ಕಥೆಯ ತಿರುಳು ಇಲ್ಲಿದೆ. ಸ್ನಾಯು ಕೇಳುವುದು ಬೆವರನ್ನಲ್ಲ, ಭಾರವನ್ನು.

ಈ ಯಾತ್ರಿಗಳೆಲ್ಲ ಹೋಗಿ ಬಂದ ಮೇಲೆ, 2008ರ ಕೊನೆಗೆ, ನಿಲ್ದಾಣಕ್ಕೆ ಬೇರೆಯೇ ಯಂತ್ರ ಹೋಯಿತು. ಅಲ್ಲಿ ಕಬ್ಬಿಣದ ತಟ್ಟೆಗಳಿಗೆ ತೂಕವೇ ಇಲ್ಲವಲ್ಲ, ಹಾಗಾಗಿ ಅದು ಗಾಳಿ ತೆಗೆದ ಸಿಲಿಂಡರುಗಳನ್ನು ಬಳಸುತ್ತದೆ. ಆ ನಿರ್ವಾತದ ವಿರುದ್ಧ ಪಿಸ್ಟನ್ ಎಳೆಯಬೇಕು. 272 ಕಿಲೋವರೆಗೆ ಹೊರೆ ಸಿಗುತ್ತದೆ. ಅದು ಬಂದ ಮೇಲೆ ಸ್ನಾಯು, ಮೂಳೆ ಎರಡರ ನಷ್ಟವೂ ಕಡಿಮೆಯಾಯಿತು. ಆದರೆ ದಿನಕ್ಕೆ ಎರಡು-ಎರಡೂವರೆ ಗಂಟೆ ವ್ಯಾಯಾಮಕ್ಕೇ ಹೋಗುತ್ತದೆ. ಇಷ್ಟು ದೊಡ್ಡ ಯಂತ್ರವನ್ನು ಮಂಗಳಕ್ಕೆ ಹೋಗುವ ಇಕ್ಕಟ್ಟಿನ ನೌಕೆಯಲ್ಲಿ ಎಲ್ಲಿಡುತ್ತೀರಿ?

ಸೆ-ಜಿನ್ ಲೀ ಎಂಬ ವಿಜ್ಞಾನಿ ಹಿಡಿದ ದಾರಿ ಬೇರೆ. ಮಯೋಸ್ಟ್ಯಾಟಿನ್ ಎಂಬ ಪ್ರೋಟೀನ್ ಸ್ನಾಯು ಬೆಳೆಯದಂತೆ ಬ್ರೇಕ್ ಹಾಕುತ್ತದೆ ಅಂತ 1997ರಲ್ಲಿ ತೋರಿಸಿದವರು ಅವರ ತಂಡದವರು. ಆ ಪ್ರೋಟೀನ್ ತಯಾರಿಸುವ ಜೀನ್ ಇಲ್ಲದ ಇಲಿಗಳ ಸ್ನಾಯು ಸುಮಾರು ಎರಡು ಪಟ್ಟು ಬೆಳೆಯುತ್ತದೆ. 2019ರ ಡಿಸೆಂಬರ್‌ನಲ್ಲಿ 40 ಇಲಿಗಳು ನಿಲ್ದಾಣಕ್ಕೆ ಹೋಗಿ ಒಂದು ತಿಂಗಳು ಇದ್ದು ಬಂದವು. ಸಾಮಾನ್ಯ ಇಲಿಗಳ ಸ್ನಾಯು ಶೇಕಡಾ 8ರಿಂದ 18ರಷ್ಟು ಕರಗಿತ್ತು. ಬ್ರೇಕ್ ಇಲ್ಲದ ಇಲಿಗಳ ಸ್ನಾಯು ಹೆಚ್ಚುಕಡಿಮೆ ಹಾಗೇ ಇತ್ತು. ಈ ಪ್ರೋಟೀನನ್ನು ರಕ್ತದಲ್ಲೇ ಹಿಡಿದಿಡುವ ಔಷಧ ಪಡೆದ ಸಾಮಾನ್ಯ ಇಲಿಗಳಲ್ಲಿ ಸ್ನಾಯು ಉಳಿದದ್ದಷ್ಟೇ ಅಲ್ಲ, ಬೆಳೆಯಿತು ಕೂಡ. ಮೂಳೆಯೂ ಉಳಿಯಿತು.

ಹಾಗಂತ ನಾಳೆಯೇ ಗಗನಯಾತ್ರಿಗಳಿಗೆ ಚುಚ್ಚುಮದ್ದು ಕೊಡಲು ಬರುವುದಿಲ್ಲ. ಇದೇ ಬಗೆಯ ಒಂದು ಔಷಧವನ್ನು ಸ್ನಾಯು ಕ್ಷಯಿಸುವ ಡುಶೆನ್ ಕಾಯಿಲೆಯ ಹುಡುಗರ ಮೇಲೆ ಪರೀಕ್ಷಿಸಿದಾಗ ಮೂಗಿನಿಂದ ರಕ್ತ ಬಂತು, ಚರ್ಮದಡಿಯ ರಕ್ತನಾಳಗಳು ಹಿಗ್ಗಿದವು. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಈ ಔಷಧ ಮಯೋಸ್ಟ್ಯಾಟಿನ್ ಒಂದನ್ನೇ ಹಿಡಿಯುವುದಿಲ್ಲ, ರಕ್ತನಾಳಗಳಿಗೆ ಬೇಕಾದ ಅದರ ಸಂಬಂಧಿ ಪ್ರೋಟೀನುಗಳನ್ನೂ ಹಿಡಿದುಬಿಡುತ್ತದೆ. ಬೇಕಾದದ್ದನ್ನು ಮಾತ್ರ ಹಿಡಿಯುವ ಔಷಧಕ್ಕಾಗಿ ಹುಡುಕಾಟ ನಡೆದಿದೆ. ಸಿಕ್ಕರೆ ಅದರ ಹೆಚ್ಚಿನ ಉಪಯೋಗ ಬಾಹ್ಯಾಕಾಶದಲ್ಲಲ್ಲ, ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗೆ.