ದೈವಾಂಶದ ಕೂಸಿಗೆ ಹಾಲು ಯಾಕೆ ಬೇಕು?

ಓದುಗರ ಪ್ರಶ್ನೆ: ಸರ್, ಕಾಲೇಜಿಗೆ ಒಂದು ನಾಟಕ ಬರೀತಿದ್ದೀವಿ. ದಾವಣಗೆರೆ ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿರೋ ನಾಲ್ಕು ಜನ ಬ್ಯಾಚುಲರ್ ಹುಡುಗರ ಬಾಗಿಲಲ್ಲಿ ಒಂದು ರಾತ್ರಿ ಕೂಸು ಸಿಗುತ್ತೆ. ಅದು ದೈವಾಂಶ ಇರೋ ಕೂಸು. ತಾಲೀಮಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಅಷ್ಟು ಶಕ್ತಿ ಇರೋ ಕೂಸಿಗೆ ಹಾಲು, ಆರೈಕೆ ಎಲ್ಲ ಯಾಕೆ ಬೇಕು?

ಉತ್ತರ: ಇಂಥ ಕಥೆ ಕೈಗೆತ್ತಿಕೊಂಡವರೆಲ್ಲ ಬೇಗನೇ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಕೂಸಿನ ಶಕ್ತಿ ಎಷ್ಟಾದರೂ ದೊಡ್ಡದಿರಲಿ, ಹಸಿವು ಮಾತ್ರ ಮನುಷ್ಯರ ಕೂಸಿನದ್ದೇ ಆಗಿರಲಿ. ಕೂಸು ಕಣ್ಣು ಮಿಟುಕಿಸಿದರೆ ಹಾಲು ಬಂತು, ಅತ್ತರೆ ತೊಟ್ಟಿಲು ತಾನೇ ತೂಗಿತು ಎಂದು ಬರೆದುಬಿಟ್ಟರೆ ಆ ನಾಲ್ಕು ಹುಡುಗರಿಗೆ ರಂಗದ ಮೇಲೆ ಕೆಲಸವೇ ಉಳಿಯುವುದಿಲ್ಲ. ಪವಾಡ ನೋಡಿ ಬೆರಗಾಗಿ ನಿಲ್ಲುವುದನ್ನು ಎಷ್ಟು ಹೊತ್ತು ಅಭಿನಯಿಸಲು ಸಾಧ್ಯ?

ನಮ್ಮ ಹಳೆಯ ಕಥೆಗಾರರಿಗೆ ಇದು ಗೊತ್ತಿತ್ತು. ಮಹಾಭಾರತದ ವನಪರ್ವದಲ್ಲಿ ಯುವನಾಶ್ವನ ಕಥೆ ಬರುತ್ತದೆ. ಮಕ್ಕಳಿಲ್ಲದ ಈ ರಾಜ ಒಂದು ರಾತ್ರಿ ಬಾಯಾರಿಕೆ ತಡೆಯಲಾರದೆ, ರಾಣಿಗೆಂದು ಮಂತ್ರಿಸಿಟ್ಟಿದ್ದ ನೀರನ್ನು ತಾನೇ ಕುಡಿದುಬಿಡುತ್ತಾನೆ. ಬಸಿರು ಅವನಲ್ಲೇ ನಿಲ್ಲುತ್ತದೆ. ನೂರು ವರ್ಷ ಕಳೆದ ಮೇಲೆ ಅವನ ಎಡ ಪಕ್ಕೆಯನ್ನು ಸೀಳಿಕೊಂಡು ಮಾಂಧಾತ ಹುಟ್ಟುತ್ತಾನೆ. ನೋಡಲು ಬಂದ ದೇವತೆಗಳು ಕೇಳುವ ಮಾತನ್ನು ಗಮನಿಸಿ: ಈ ಕೂಸು ಏನನ್ನು ಕುಡಿಯಬೇಕು? ಗಂಡಸು ಹೆತ್ತ ವಿಚಿತ್ರಕ್ಕಿಂತ ಹೆತ್ತಮೇಲೆ ಹಾಲೆಲ್ಲಿ ಎಂಬ ಚಿಂತೆ ಅವರಿಗೆ ದೊಡ್ಡದಾಗಿ ಕಾಣುತ್ತದೆ. ಇಂದ್ರ ತನ್ನ ತೋರುಬೆರಳನ್ನು ಕೂಸಿನ ಬಾಯಿಗಿಡುತ್ತಾನೆ. ಅದು ಚೀಪುತ್ತದೆ. ಮುಂದೆ ಚಕ್ರವರ್ತಿಯಾಗುವ ಕೂಸಿಗೂ ಮೊದಲ ದಿನ ಯಾರದೋ ಕೈ ಬೇಕಾಯಿತು.

ಇದಕ್ಕೆ ತೀರಾ ವಿರುದ್ಧವಾದದ್ದು ನಿಮ್ಮ ಪಕ್ಕದ ಚಿತ್ರದುರ್ಗದಲ್ಲೇ ಇದೆ. ಮಹಾಭಾರತದ ರಾಕ್ಷಸ ಹಿಡಿಂಬನಿದ್ದ ಜಾಗ ಇದೇ ಎಂದು ಅಲ್ಲಿನವರ ನಂಬಿಕೆ. ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿಯೂ ಇದೆ. ಅವನ ತಂಗಿಯ ಮಗ ಘಟೋತ್ಕಚ. ರಾಕ್ಷಸಿಯರು ಬಸಿರಾದ ದಿನವೇ ಹೆರುತ್ತಾರೆ, ಕೂಸು ಹುಟ್ಟುತ್ತಲೇ ಪ್ರಾಯಕ್ಕೆ ಬರುತ್ತದೆ ಎನ್ನುತ್ತದೆ ಆದಿಪರ್ವ. ಘಟೋತ್ಕಚ ಹುಟ್ಟಿದವನೇ ತಂದೆತಾಯಿಯ ಕಾಲಿಗೆ ಬೀಳುತ್ತಾನೆ, ನೆನೆದಾಗ ಬರುತ್ತೇನೆಂದು ಹೇಳಿ ಹೊರಟುಹೋಗುತ್ತಾನೆ. ಅವನ ಯುದ್ಧದ ಕಥೆ ರೋಮಾಂಚನ ಹುಟ್ಟಿಸುತ್ತದೆ, ಸಾವು ಕಣ್ಣೀರು ತರಿಸುತ್ತದೆ. ಆದರೆ ಅವನನ್ನು ಸಾಕಿದ ಕಥೆ ಇಲ್ಲ, ಇರಲು ಎಡೆಯೇ ಇಲ್ಲ. ನಿಮ್ಮ ಕೂಸು ಘಟೋತ್ಕಚನಂತಾದರೆ ಎರಡನೇ ದೃಶ್ಯಕ್ಕೇ ನಾಟಕ ಮುಗಿಯುತ್ತದೆ.

ಮದುವೆಯಾಗದ ಗಂಡಸಿನ ಕೈಗೆ ದೇವಲೋಕದ ಕೂಸು ಬಂದ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕಣ್ವರದು. ಅಪ್ಸರೆ ಮೇನಕೆ ಹೆತ್ತು ಮಾಲಿನಿ ನದಿಯ ದಡದಲ್ಲಿ ಬಿಟ್ಟುಹೋದ ಹೆಣ್ಣುಕೂಸು. ಹುಲಿ ಸಿಂಹಗಳ ಕಾಡು. ಹಕ್ಕಿಗಳು ಸುತ್ತ ಕೂತು ಕಾಯುತ್ತಿವೆ. ಸ್ನಾನಕ್ಕೆ ಬಂದ ಕಣ್ವರು ಎತ್ತಿಕೊಂಡು ಬಂದು ಮಗಳಂತೆ ಸಾಕುತ್ತಾರೆ. ಮುಂದೆ ಆಶ್ರಮಕ್ಕೆ ಬಂದ ದುಷ್ಯಂತ ಶಕುಂತಲೆಯನ್ನೇ ನೇರವಾಗಿ ಕೇಳುತ್ತಾನೆ: ಕಣ್ವರು ಬ್ರಹ್ಮಚರ್ಯ ಬಿಡದ ಋಷಿಗಳು, ನೀನು ಅವರ ಮಗಳಾದದ್ದು ಹೇಗೆ? ಹಿಂದೊಮ್ಮೆ ಇದನ್ನೇ ಇನ್ನೊಬ್ಬ ಋಷಿ ಕಣ್ವರನ್ನು ಕೇಳಿದ್ದ. ಬ್ಯಾಚುಲರ್‌ಗಳ ಮನೆಯಲ್ಲಿ ಕೂಸಿನ ಅಳು ಕೇಳಿದರೆ ಓನರ್ ಬಂದು ಕೇಳುವುದೂ ಇದನ್ನೇ ತಾನೇ. ಕಣ್ವರು ಕೊಟ್ಟ ಉತ್ತರದಲ್ಲಿ ಒಂದು ಮಾತಿದೆ: ಶರೀರ ಕೊಟ್ಟವನು, ಪ್ರಾಣ ಉಳಿಸಿದವನು, ಯಾರ ಅನ್ನ ಉಂಡು ಬೆಳೆದೆವೋ ಅವನು, ಈ ಮೂವರೂ ತಂದೆಯರೇ. ಮೂರರಲ್ಲಿ ಎರಡು ಕೆಲಸ ಕಣ್ವರದು.

ಕಾಳಿದಾಸನ ನಾಟಕದ ನಾಲ್ಕನೇ ಅಂಕವನ್ನೂ ನಿಮ್ಮ ನಟರಿಗೆ ಓದಿಸಿ. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಕಣ್ವರ ಗಂಟಲು ಕಟ್ಟುತ್ತದೆ. ಕಾಡಲ್ಲಿರುವ ನನಗೇ ಇಷ್ಟು ಸಂಕಟವಾದರೆ ಸಂಸಾರಸ್ಥರು ಹೇಗೆ ತಡೆದುಕೊಳ್ಳುತ್ತಾರೋ ಎನ್ನುತ್ತಾರೆ. ಕೂಸು ಸಾಕಿದ ಆ ಬ್ರಹ್ಮಚಾರಿಯನ್ನು ಇಡೀ ನಾಟಕದಲ್ಲಿ ಯಾರೂ ನಗೆಪಾಟಲು ಮಾಡುವುದಿಲ್ಲ. ಗಂಡಸರಿಗೆ ಕೂಸು ಎತ್ತಲು ಬರುವುದಿಲ್ಲ ಎಂಬ ನಗೆಯನ್ನು ನಾವು ಸಾಕಷ್ಟು ನೋಡಿಯಾಗಿದೆ. ನಿಮ್ಮ ನಾಟಕಕ್ಕೆ ಅದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಭಾಂಡಕರ ಕಥೆ ಬೇರೆ ತರಹದ್ದು. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ, ತಲೆಯಲ್ಲಿ ಕೋಡಿದ್ದ ಋಷ್ಯಶೃಂಗನನ್ನು ಅವರು ಒಬ್ಬರೇ ಸಾಕಿದರು. ಶೃಂಗೇರಿ ಹತ್ತಿರದ ಕಿಗ್ಗಾದಲ್ಲಿ ಇವತ್ತಿಗೂ ಮಳೆಗಾಗಿ ಪೂಜೆ ಮಾಡಿಸುವುದು ಈ ಋಷ್ಯಶೃಂಗನ ಹೆಸರಿನ ಗುಡಿಯಲ್ಲೇ. ತಂದೆಯನ್ನು ಬಿಟ್ಟು ಬೇರೆ ಮನುಷ್ಯರ ಮುಖವನ್ನೇ ನೋಡದೆ ಬೆಳೆದವನು ಅವನು. ಅಷ್ಟು ಬಿಗಿಯಾಗಿ ಕಾದದ್ದರಿಂದಲೇ, ಮಳೆಯಿಲ್ಲದ ಅಂಗದೇಶಕ್ಕೆ ಅವನನ್ನು ಮರುಳು ಮಾಡಿ ಕರೆದೊಯ್ಯುವುದು ಸುಲಭವಾಯಿತು. ನಿಮ್ಮ ನಾಲ್ವರಲ್ಲಿ ಒಬ್ಬ ಹೀಗೆ ಕೂಸನ್ನು ಬಚ್ಚಿಡುವವನಿರಲಿ.

ಈಗ ವಿದ್ಯಾನಗರದ ರೂಮಿಗೆ ಬರೋಣ. ಮೊದಲ ರಾತ್ರಿ ಒಬ್ಬ ಪ್ಯಾಕೆಟ್ ಹಾಲು ತರಲು ಓಡುತ್ತಾನೆ ಎಂದುಕೊಳ್ಳಿ. ಒಂದು ವರ್ಷ ತುಂಬುವವರೆಗೆ ಎದೆಹಾಲಿನ ಬದಲಿಗೆ ಆಕಳ ಹಾಲು, ಎಮ್ಮೆ ಹಾಲು ಕೊಡಬಾರದು. ಅದರಲ್ಲಿನ ಪ್ರೋಟೀನು, ಉಪ್ಪಿನಂಶ ಎಳೆಯ ಮೂತ್ರಪಿಂಡಕ್ಕೆ ಹೊರೆ, ಕಬ್ಬಿಣಾಂಶವೂ ಸಾಲದು. ಇನ್ನೊಬ್ಬ ಊರಿನ ಪದ್ಧತಿಯಂತೆ ನಾಲಿಗೆಗೆ ಜೇನು ಮುಟ್ಟಿಸಲು ಹೋಗುತ್ತಾನೆ. ಅದೂ ಒಂದು ವರ್ಷದೊಳಗೆ ಕೂಡದು, ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗೂಸಿನ ಕರುಳಲ್ಲಿ ಬೆಳೆದು ವಿಷವಾಗುತ್ತದೆ. ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು "ಏನ್ರೋ ತಮ್ಮಾ, ಎಳೇ ಕೂಸಿಗೆ ಎಮ್ಮಿ ಹಾಲು ಹಾಕ್ತೀರೇನು? ಮೊದ್ಲು ದವಾಖಾನಿಗೆ ನಡೀರಿ" ಎನ್ನಲಿ. ಚಿಗಟೇರಿ ಜಿಲ್ಲಾ ಆಸ್ಪತ್ರೆ ಊರೊಳಗೇ ಇದೆ.

ವೈದ್ಯರು ಹಾಲಿನ ಪುಡಿ ಬರೆದುಕೊಟ್ಟರೆ ಅದನ್ನು ಕಲಸುವುದೇ ಒಂದು ದೃಶ್ಯ. ನೀರು ಕುದಿಯಬೇಕು, 70 ಡಿಗ್ರಿಗಿಂತ ಕೆಳಗೆ ಆರುವ ಮುಂಚೆ ಪುಡಿ ಬೆರೆಸಬೇಕು, ಆಮೇಲೆ ಬಟ್ಟಲನ್ನು ತಣ್ಣೀರಲ್ಲಿಟ್ಟು ಆರಿಸಿ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ಕಲಸಿ 2 ಗಂಟೆಯಾದರೆ ಮಿಕ್ಕದ್ದನ್ನು ಚೆಲ್ಲಬೇಕು. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು, ರಾತ್ರಿಯೂ ಸೇರಿ. ಅಜ್ಜಿ ತನ್ನ ಮನೆಯ ಹಳೆಯ ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು) ತಂದುಕೊಡಲಿ, ಅದನ್ನು ಚೆನ್ನಾಗಿ ಕುದಿಸಿಕೊಳ್ಳಲಿ. ಬೆಳಿಗ್ಗೆ ಇಂಟರ್ನಲ್ಸ್ ಇರುವವನಿಗೆ ಎರಡು ಗಂಟೆ ರಾತ್ರಿಯ ಪಾಳಿ ಬೀಳಲಿ. ಕೂಸಿನ ಶಕ್ತಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಅದು ಹಸಿದಾಗ ಇಡೀ ಬೀದಿಯ ಕರೆಂಟ್ ಹೋಗಲಿ. ಆಗ ಇಂಡಕ್ಷನ್ ಒಲೆ ನಿಲ್ಲುತ್ತದೆ, ನೀರು ಕುದಿಯುವುದಿಲ್ಲ, ಹಸಿವು ಹೆಚ್ಚುತ್ತದೆ. ದೈವಾಂಶ ಸಾಕುವವರ ಕೆಲಸವನ್ನು ಹೆಚ್ಚಿಸಬೇಕೇ ಹೊರತು ಕಡಿಮೆ ಮಾಡಬಾರದು.

ಗಂಡಸರಿಂದ ಆಗದ್ದು ಎದೆಹಾಲು ಕೊಡುವುದೊಂದೇ. ಕೂಸನ್ನು ಬರಿ ಎದೆಗೆ ಒತ್ತಿ ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಗಂಡಸರೂ ಮಾಡಬಹುದು. ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ 1978ರ ಸುಮಾರಿಗೆ ಶುರುವಾದ ಈ ಪದ್ಧತಿ ಈಗ ನಮ್ಮ ಆಸ್ಪತ್ರೆಗಳಲ್ಲೂ ಇದೆ. ತಿಂಗಳು ತುಂಬದೆ ಹುಟ್ಟಿದ ಎಷ್ಟೋ ಕೂಸುಗಳು ಅಪ್ಪ, ಮಾವಂದಿರ ಎದೆಯ ಮೇಲೂ ಬೆಚ್ಚಗಾಗುತ್ತವೆ. ಅಂಗಿ ಬಿಚ್ಚಿ ಕೂಸನ್ನು ಎದೆಗಿಟ್ಟುಕೊಂಡು ಕದಲದೆ ಕೂತ ಹುಡುಗನ ಮೇಲೆ ಬೆಳಕು ಬಿಟ್ಟರೆ ಸಾಕು, ಮಾತೇ ಬೇಡ.

ಪ್ರಶ್ನೆಯ ಜೊತೆಗೆ ನೀವು ಕಳಿಸಿದ ಕಥಾಸಾರದಲ್ಲಿ ಒಂದು ದೊಡ್ಡ ಬಿರುಕಿದೆ. ಹುಡುಗರು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಕೂಸು ಸಾಕುತ್ತಾರೆ ಎಂದಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಿಕ್ಕ ಕೂಸಿನ ವಿಷಯವನ್ನು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪ್ರೇಕ್ಷಕರಲ್ಲಿ ಯಾರಾದರೂ ನಿಜವಾಗಿ ಅಂಥ ಕೂಸನ್ನು ಕಂಡರೆ ಮಾಡಬೇಕಾದ್ದೂ ಅದೇ, ಹಾಗಾಗಿ ಇದನ್ನು ದಯವಿಟ್ಟು ತಿದ್ದಿ. ನಾಟಕವನ್ನು ಆ ಒಂದು ಹಗಲು ರಾತ್ರಿಗೆ ಇಳಿಸಿ. ಮೂರನೇ ಅಂಕ ಸಮಿತಿಯ ಮುಂದೆ ನಡೆಯಲಿ.

ಕೂಸು ಗಂಡೋ ಹೆಣ್ಣೋ ನೀವು ಬರೆದಿಲ್ಲ. ಹೆಣ್ಣಾಗಿರಲಿ. ಇದೇ ಬಾಲನ್ಯಾಯ ಕಾಯ್ದೆಯಡಿ ಒಂಟಿ ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯುವಂತಿಲ್ಲ. ಗಂಡುಮಗುವಾದರೂ ದತ್ತು ಪಡೆಯುವವರಿಗೂ ಮಗುವಿಗೂ 25 ವರ್ಷದ ಅಂತರ ಇರಲೇಬೇಕು, ನಿಮ್ಮ ಹುಡುಗರಿಗೆ 22 ದಾಟಿಲ್ಲ. ಒಂದೇ ರಾತ್ರಿಯಲ್ಲಿ ಕೈಗೆ ಒಗ್ಗಿಹೋದ ಕೂಸು, ಅದನ್ನು ಇಟ್ಟುಕೊಳ್ಳಲು ಯಾವ ದಾರಿಯೂ ಇಲ್ಲದ ನಾಲ್ವರು: ಇಲ್ಲಿ ಪವಾಡ ಮಾಡಿಸಿ ಕಾನೂನನ್ನು ಬಗ್ಗಿಸಬೇಡಿ. ಕೂಸನ್ನು ನೋಡಿಕೊಳ್ಳುವ ಸಿಬ್ಬಂದಿ ಬಂದು, ಎಷ್ಟು ಹೊತ್ತಿಗೆ ಕುಡಿಸಿದ್ದೀರಿ, ಹೇಗೆ ಹಿಡಿದರೆ ಅಳು ನಿಲ್ಲಿಸುತ್ತೆ ಎಂದು ವಿಚಾರಿಸಲಿ. ಕಾಗದದ ಮೇಲೆ ಏನೂ ಆಗದ ಆ ನಾಲ್ವರು ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತಾ ಪೂರ್ತಿ ವಿವರ ಹೇಳಲಿ.