ತಗಡಿನ ಕೋಣೆಗೆ ಎಸಿ ಹಾಕುವ ಮುಂಚೆ

ಮನೆಯಿಂದ ಬೇರೆಯಾಗಿ ಕಟ್ಟಿಸಿದ ಕಾರ್ ಶೆಡ್, ಅದರ ಮೇಲೊಂದು ಕೋಣೆ, ನೆತ್ತಿಯ ಮೇಲೆ ತಗಡು. ಕಲಬುರಗಿ ಕಡೆ ನನಗೆ ಇಂಥ ಕೋಣೆಗಳದ್ದೇ ಕೆಲಸ ಜಾಸ್ತಿ. ಏಪ್ರಿಲ್ ಬಂತೆಂದರೆ ಫೋನ್ ಶುರು: "ಸರ್, ಒಂದೂವರೆ ಟನ್ ಎಸಿ ಸಾಲವಲ್ದ್ರಿ, ಎರಡು ಟನ್ನಿಂದು ಹಾಕಸ್ಲೇನ್ರಿ?"

ಬೇಡ ಅನ್ನುತ್ತೇನೆ. ಹೊರಗೆ 42 ಡಿಗ್ರಿ ಇದ್ದಾಗ ಬಿಸಿಲಿಗೆ ಬಿದ್ದ ತಗಡು 60 ದಾಟುತ್ತದೆ. ಅಂದರೆ ನೀವು ಕೂತಿರುವುದು ಕಾದ ರೊಟ್ಟಿ ಹಂಚಿನ ಕೆಳಗೆ. ಎಸಿ ಗಾಳಿಯನ್ನು ತಣ್ಣಗೆ ಮಾಡುತ್ತದೆ, ಹಂಚಿನ ಝಳ ನೆತ್ತಿಗೆ ಬಡಿಯುತ್ತಲೇ ಇರುತ್ತದೆ. ಹಳೇ ಮಣ್ಣಿನ ಮಾಳಿಗೆಯ ಮನೆಯಲ್ಲಿ ಈ ಕಾಟ ಇರಲಿಲ್ಲ. ಅಲ್ಲಿ ಮೊಳದಷ್ಟು ದಪ್ಪ ಮಣ್ಣೇ ಬಿಸಿಲನ್ನು ತಡೆಯುತ್ತಿತ್ತು.

ಮೊದಲು ತಗಡಿನ ಸ್ಕ್ರೂಗಳ ರಬ್ಬರ್ ವಾಷರ್ ನೋಡಿ. ಸೋರುವುದನ್ನು ಮುಚ್ಚಿಟ್ಟು ಮೇಲೆ ಚೆಂದ ಮಾಡಿದರೆ ಮಳೆಗಾಲದಲ್ಲಿ ಅಳಬೇಕಾಗುತ್ತದೆ. ಆಮೇಲೆ ತಗಡಿನ ಹೊರಮೈಗೆ ಬಿಳಿ ಕೂಲ್ ರೂಫ್ ಪೇಂಟ್. ಬಿಸಿಲನ್ನು ಹೊರಗೇ ವಾಪಸ್ ಕಳಿಸುವ ಅಗ್ಗದ ದಾರಿ ಇದು. ಧೂಳು ಕೂತರೆ ಕೆಲಸ ಕಡಿಮೆಯಾಗುತ್ತದೆ, ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಿರಿ.

ಇನ್ನು ಬೆಳ್ಳಿ ಬಣ್ಣದ ಫಾಯಿಲ್ ಶೀಟು. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಶುರುವಿನ ದಿನಗಳ ಒಂದು ಕೆಲಸದಲ್ಲಿ ಅದನ್ನು ತಗಡಿಗೇ ಒತ್ತಿ ಅಂಟಿಸಿದ್ದೆ. ಕೋಣೆ ಮೊದಲಿನಷ್ಟೇ ಕಾದಿತ್ತು. ಫಾಯಿಲ್ ತಡೆಯುವುದು ಝಳವನ್ನು. ಎದುರಿಗೆ ಖಾಲಿ ಜಾಗ ಇದ್ದರೇ ಅದಕ್ಕೆ ಕೆಲಸ. ತಗಡಿಗೆ ತಾಗಿದರೆ ಅದೂ ಕಾದ ತಗಡೇ, ಅಲ್ವಾ? ಪಟ್ಟಿ ಕೊಟ್ಟು ಕನಿಷ್ಠ 25 ಮಿ.ಮೀ. ಕೆಳಗಿಳಿಸಿ ಮತ್ತೆ ಹಾಕಿದೆ. ಕೂಲಿ ನನ್ನ ಜೇಬಿನಿಂದಲೇ ಹೋಯಿತು.

ಫಾಯಿಲ್ ಕೆಳಗೆ 50 ಮಿ.ಮೀ. ರಾಕ್ ವೂಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಸು. ಅದರ ಕೆಳಗೆ ಜಿಪ್ಸಂ ಬೋರ್ಡ್. ಐವತ್ತೇ ಮಿಲಿಮೀಟರ್ ಎಂದು ಮೂಗು ಮುರಿಯಬೇಡಿ. ಶಾಖ ತಡೆಯುವುದರಲ್ಲಿ ಅದು ಸುಮಾರು ಒಂದು ಮೀಟರ್ ದಪ್ಪದ ಇಟ್ಟಿಗೆ ಗೋಡೆಗೆ ಸಮ. ಅದುಮಿ ತುರುಕಿದರೆ ಮಾತ್ರ ಆ ಗುಣ ಉಳಿಯುವುದಿಲ್ಲ. ಒಳಗೆ ನಿಂತ ಗಾಳಿಯೇ ಅದರ ಬಂಡವಾಳ.

ಥರ್ಮಾಕೋಲ್ ಅಗ್ಗ, ಶಾಖವನ್ನೂ ಚೆನ್ನಾಗಿ ತಡೆಯುತ್ತದೆ. ಆದರೂ ಇಲ್ಲಿ ನಾನು ಹಾಕುವುದಿಲ್ಲ. ಕೆಳಗೆ ಪೆಟ್ರೋಲ್ ತುಂಬಿದ ಗಾಡಿ ನಿಂತಿರುತ್ತದೆ. ಬೆಂಕಿ ಬಿದ್ದರೆ ಥರ್ಮಾಕೋಲ್ ಕರಗಿ ಉರಿಯುತ್ತದೆ, ಕಪ್ಪು ಹೊಗೆ ಕಾರುತ್ತದೆ. ರಾಕ್ ವೂಲ್ ಕಲ್ಲಿನಿಂದಲೇ ಆದದ್ದು, ಉರಿಯುವುದಿಲ್ಲ.

ಕೆಳಗೆ ಗಾಡಿ ನಿಲ್ಲುತ್ತದೆ ಅನ್ನುವ ಕಾರಣಕ್ಕೇ ಕೋಣೆಯ ನೆಲವನ್ನೂ ನೋಡುತ್ತೇನೆ. ವೈರು, ಪೈಪು ಹಾಯಿಸಲು ಕೊರೆದ ತೂತುಗಳನ್ನು ಯಾರೂ ಮುಚ್ಚಿರುವುದಿಲ್ಲ. ಶೆಡ್ಡಿನಲ್ಲಿ ಇಂಜಿನ್ ಚಾಲೂ ಬಿಟ್ಟರೆ ಹೊಗೆ ಆ ತೂತುಗಳಿಂದಲೇ ಮೇಲೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಅದು ತುಂಬಾ ಅಪಾಯ. ತೂತುಗಳಿಗೆ ಬೆಂಕಿ ತಡೆಯುವ ಸೀಲೆಂಟ್ ತುಂಬಿಸಿದ ಮೇಲೆಯೇ ನಾನು ಜಿಪ್ಸಂ ಕೆಲಸದವರನ್ನು ಕರೆಯುವುದು.