ಕ್ಷಮೆ ಕೇಳಲು ಒಂದು ವರ್ಷದ ಗಡುವು ಯಾಕೆ?

ಭಾದ್ರಪದದಲ್ಲಿ ಜೈನರ ವ್ರತದ ಹಬ್ಬ ಪರ್ಯುಷಣ ಮುಗಿಯುವ ದಿನ ಜೈನರ ಮೊಬೈಲುಗಳಲ್ಲಿ ಒಂದೇ ಮಾತು ಓಡಾಡುತ್ತದೆ: ‘ಮಿಚ್ಛಾಮಿ ದುಕ್ಕಡಂ’. ಇದು ‘ಸಾರಿ’ ಅಂದ ಹಾಗೆ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಈ ಪ್ರಾಕೃತ ಮಾತಿನಲ್ಲಿ ಕ್ಷಮೆ ಎನ್ನುವ ಪದವೇ ಇಲ್ಲ. ನಾನು ಮಾಡಿದ ಕೆಡುಕು ಹುಸಿಯಾಗಲಿ ಅನ್ನುವುದೇ ಅದರ ಅರ್ಥ.

ಇದು ಬಂದಿರುವುದು ಪ್ರತಿಕ್ರಮಣದಿಂದ, ಅಂದರೆ ತಪ್ಪಿನಿಂದ ಹಿಂದಿರುಗುವ ವಿಧಿಯಿಂದ. ಅದರಲ್ಲಿ ನಡಿಗೆಯ ತಪ್ಪಿಗೇ ಒಂದು ಪಾಠವಿದೆ. ಹೋಗುವಾಗ ಬರುವಾಗ ಬೀಜ, ಹಸಿರು, ಇಬ್ಬನಿ, ಇರುವೆಗೂಡು, ಪಾಚಿ, ಕೆಸರು, ಜೇಡರಬಲೆ ತುಳಿದಿದ್ದರೆ ಅದು ಹುಸಿಯಾಗಲಿ ಎನ್ನುತ್ತಾರೆ. ಎಷ್ಟು ಸಣ್ಣ ಜೀವಕ್ಕೂ ಲೆಕ್ಕ ಒಪ್ಪಿಸಬೇಕು, ನೋಡಿ! ಮಹಾವೀರರಿಗಿಂತ ಹಿಂದಿನ ತೀರ್ಥಂಕರ ಪಾರ್ಶ್ವನಾಥರ ಪರಂಪರೆಯಲ್ಲಿ ತಪ್ಪಾದಾಗ ಮಾತ್ರ ಪ್ರತಿಕ್ರಮಣ ಮಾಡಿದರೆ ಸಾಕಿತ್ತು. ಮಹಾವೀರರು ಅದನ್ನು ದಿನಚರಿಯಾಗಿಸಿದರು. ತಪ್ಪು ನೆನಪಾಗಲಿ, ಬಿಡಲಿ, ಬೆಳಗ್ಗೆ ಸಂಜೆ ಮಾಡಲೇಬೇಕು ಎಂಬುದು ಜೈನ ಗ್ರಂಥಗಳ ಮಾತು.

ಹಾಗಿದ್ದರೆ ವರ್ಷಕ್ಕೊಂದು ದಿನ ಯಾಕೆ ಬೇಕು? ಉತ್ತರ ಸಿಟ್ಟಿನ ಲೆಕ್ಕದಲ್ಲಿದೆ. ಶ್ರವಣಬೆಳಗೊಳದ ಚಾವುಂಡರಾಯನ ಕಾಲದವರು ನೇಮಿಚಂದ್ರಾಚಾರ್ಯರು. 10ನೇ ಶತಮಾನದ ತಮ್ಮ ‘ಗೊಮ್ಮಟಸಾರ’ದಲ್ಲಿ ಅವರು ಸಿಟ್ಟನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತಾರೆ: ಬಂಡೆಯ ಮೇಲಿನದು, ನೆಲದ ಮೇಲಿನದು, ಧೂಳಿನದು, ನೀರಿನದು. ನೀರಿನ ಗೆರೆ ಎಳೆದ ಬೆರಳಿನ ಹಿಂದೆಯೇ ಅಳಿಸಿಹೋಗುತ್ತದೆ. ಬಂಡೆಯದು ಜನ್ಮಗಳನ್ನೂ ದಾಟುತ್ತದೆ. ಈ ಸಿಟ್ಟುಗಳ ಆಯಸ್ಸನ್ನು ಶ್ವೇತಾಂಬರರು ನೀರಿನ ಗೆರೆಯಿಂದ ಶುರುಮಾಡಿ 15 ದಿನ, 4 ತಿಂಗಳು, 1 ವರ್ಷ, ಇಡೀ ಜೀವನ ಎಂದು ಎಣಿಸುತ್ತಾರೆ. ದಿಗಂಬರರ ಎಣಿಕೆ ಸ್ವಲ್ಪ ಬೇರೆ. ಶ್ವೇತಾಂಬರರಲ್ಲಿ ಪ್ರತಿಕ್ರಮಣವೂ ಪಕ್ಷಕ್ಕೊಮ್ಮೆ, 4 ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಬರುತ್ತದೆ. ಎರಡೂ ಸರಿಹೊಂದುತ್ತವೆ ಅಲ್ವಾ? ವರ್ಷ ದಾಟಿದ ಹಗೆ ಬಂಡೆಯ ಗೆರೆಯಾಗುತ್ತದೆ. ಪರ್ಯುಷಣದ ಕೊನೆಯ ದಿನವಾದ ಸಂವತ್ಸರಿ ಅದನ್ನು ತಡೆಯುವ ಕೊನೆಯ ಬಾಗಿಲು.

ದಿಗಂಬರರಲ್ಲಿ ಪರ್ಯುಷಣವೇ ದಶಲಕ್ಷಣ ಪರ್ವ, ಅದು 10 ದಿನದ್ದು. ಜೈನ ಗ್ರಂಥ ‘ತತ್ತ್ವಾರ್ಥಸೂತ್ರ’ ಹೇಳುವ ಹತ್ತು ಧರ್ಮಗಳಲ್ಲಿ ಉತ್ತಮ ಕ್ಷಮೆಯೇ ಮೊದಲನೆಯದು, ಪರ್ವ ಶುರುವಾಗುವುದೂ ಅದರಿಂದಲೇ. ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ.

ನನಗೆ ಬಹಳ ಹಿಡಿಸಿದ್ದು ಪರ್ಯುಷಣದಲ್ಲಿ ಓದುವ ‘ಕಲ್ಪಸೂತ್ರ’ದ ಒಂದು ನಿಯಮ. ಸಾಧುಗಳ ನಡುವೆ ಜಗಳವಾದರೆ ಕಿರಿಯರು ಹಿರಿಯರ ಕ್ಷಮೆ ಕೇಳಬೇಕು, ಹಿರಿಯರೂ ಕಿರಿಯರ ಕ್ಷಮೆ ಕೇಳಬೇಕು. ಆ ಕಡೆಯವರು ತಣ್ಣಗಾಗದಿದ್ದರೆ? ಅದಕ್ಕೂ ಉತ್ತರವಿದೆ: ಯಾರು ಶಾಂತರಾದರೋ ಅವರ ಸಾಧನೆ ಫಲಿಸುತ್ತದೆ, ಆಗದವರದು ಫಲಿಸುವುದಿಲ್ಲ.